ಕರೆಂಟ್ ಹೋಗುವ ಮೊದಲು: ಫ. ಗು. ಹಳಕಟ್ಟಿ

ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾ ಬಸ್ಸಿಗೆ ವಿಜಯಪುರಕ್ಕೆ ಬರುವ ನಮ್ಮಂಥವರಿಗೆ ಹಳಕಟ್ಟಿ ಅಂದ ಕೂಡಲೇ ನೆನಪಾಗೋದು ಕಾಲೇಜು. ಬಿಎಲ್‌ಡಿಇ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಆ ಮನುಷ್ಯ ಏನು ಮಾಡಿದರು ಅಂತ ಕೇಳಿದರೆ ಮಾತ್ರ ವಚನ ಪಿತಾಮಹ ಅನ್ನೋ ಬಿರುದು ಹೇಳಿ ಸುಮ್ಮನಾಗ್ತೀವಿ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬಯಿಯಲ್ಲಿ ಕಾನೂನು ಓದಿ, 1904ರ ಹೊತ್ತಿಗೆ ಬಿಜಾಪುರಕ್ಕೆ ವಕೀಲಿ ಮಾಡಲು ಬಂದರು. ಕೋರ್ಟಿನ ಕೆಲಸದ ಜೊತೆಗೇ ಇನ್ನೊಂದು ಕೆಲಸ ಹಚ್ಚಿಕೊಂಡರು. ಊರೂರು ತಿರುಗಿ, ಮಠಗಳಲ್ಲಿ, ಹಳೇ ಮನೆಗಳಲ್ಲಿ ಗಂಟು ಕಟ್ಟಿಟ್ಟಿದ್ದ ತಾಳೆಗರಿಗಳನ್ನು ಹುಡುಕಿ ವಚನಗಳನ್ನು ಪ್ರತಿ ಮಾಡಿಕೊಳ್ಳೋದು.

ಇದರಲ್ಲಿ ಅವಸರ ಏನಿತ್ತು? ನಮ್ಮ ಓಎಸ್ ಪಾಠದಿಂದಲೇ ಹೇಳ್ತೀನಿ. ಲಿನಕ್ಸ್‌ನಲ್ಲಿ ಫೈಲ್ ಸೇವ್ ಮಾಡಿದರೆ ಅದು ಸಾಮಾನ್ಯವಾಗಿ ತಕ್ಷಣ ಡಿಸ್ಕಿಗೆ ಹೋಗಲ್ಲ. ಮೊದಲು ಮೆಮೊರಿಯ ಪೇಜ್ ಕ್ಯಾಶ್‌ನಲ್ಲಿ ಕೂತಿರುತ್ತೆ. ಹಾಗೆ ಕೂತ ಪುಟಕ್ಕೆ ಡರ್ಟಿ ಪೇಜ್ ಅಂತಾರೆ. ಡಿಸ್ಕಿಗೆ ಇಳಿಯೋ ಮುಂಚೆ ಕರೆಂಟ್ ಹೋದರೆ ಆ ಪುಟ ಹೋದಂತೆ. ಎಷ್ಟು ಹೊತ್ತು ಕಾಯಬಹುದು ಅನ್ನೋದನ್ನು ಕರ್ನಲ್ ಮುಚ್ಚಿಟ್ಟಿಲ್ಲ, ಅಡ್ಮಿನ್ ಕೈಗೇ ಕೊಟ್ಟಿದೆ. ಡೀಫಾಲ್ಟ್ ಆಗಿ 5 ಸೆಕೆಂಡಿಗೊಮ್ಮೆ ಫ್ಲಶರ್ ಎದ್ದು ನೋಡುತ್ತೆ, 30 ಸೆಕೆಂಡಿಗಿಂತ ಹಳೇ ಪುಟಗಳನ್ನು ಬರೆಯುತ್ತೆ. ಲಭ್ಯ ಮೆಮೊರಿಯ 10% ಡರ್ಟಿ ಆದರೆ ಹಿನ್ನೆಲೆಯಲ್ಲಿ ಬರೆಯೋಕೆ ಶುರು. 20% ದಾಟಿದರೆ ಬರೆಯುತ್ತಿರೋ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತೆ. ಈ ಅಂಕಿ ಇಳಿಸಿದರೆ ಡೇಟಾ ಬೇಗ ಡಿಸ್ಕಿಗೆ ಸೇರುತ್ತೆ, ಆದರೆ ಡಿಸ್ಕಿಗೆ ಪುರುಸೊತ್ತಿಲ್ಲ. ಏರಿಸಿದರೆ ವೇಗ ಸಿಗಬಹುದು, ಅಪಾಯವೂ ಹೆಚ್ಚು.

ಹಳಕಟ್ಟಿಯವರ ಮುಂದಿದ್ದದ್ದೂ ಇಂಥದ್ದೇ ಲೆಕ್ಕ. 12ನೇ ಶತಮಾನದ ಎಷ್ಟೋ ವಚನಗಳು ಅಚ್ಚಾಗದೆ ಗರಿಗಳಲ್ಲೇ ಉಳಿದಿದ್ದವು. ಹುಳ ತಿಂದರೆ, ಬೆಂಕಿ ಬಿದ್ದರೆ, ಅಲ್ಲಿಗೆ ಮುಗೀತು. ಎಲ್ಲಾ ಸಿಕ್ಕ ಮೇಲೆ ಒಂದೇ ಸಲ ಅಚ್ಚು ಹಾಕಿಸೋಣ ಅಂತ ಅವರು ಕಾಯಲಿಲ್ಲ. 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ತಂದರು. 1925ರಲ್ಲಿ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ಸಂಚಿಕೆಯಿಂದ ಸಂಚಿಕೆಗೆ, ಸಿಕ್ಕಷ್ಟು ಸಿಕ್ಕಷ್ಟು ಅಚ್ಚಿಗೆ ಇಳಿಸುತ್ತಾ ಹೋದರು. ಹರಿಹರನ ರಗಳೆಗಳೂ ಹಾಗೇ ಹೊರಬಂದವು.

ಪದೇ ಪದೇ ಫ್ಲಶ್ ಮಾಡಿದರೆ ಸಿಸ್ಟಮ್ ನಿಧಾನ ಆಗುತ್ತೆ ಅಂತೀವಲ್ಲ, ಆ ಬೆಲೆಯನ್ನು ಅವರು ಸಂಸಾರದಿಂದ ಕೊಟ್ಟರು. ಚೆನ್ನಾಗಿ ನಡೆಸಬಹುದಾಗಿದ್ದ ವಕೀಲಿ ಹಿಂದೆ ಬಿತ್ತು, ಮನೆ ಹೋಯ್ತು, ಬಡತನ ಕೊನೇತನಕ ಬಿಡಲಿಲ್ಲ. ಗೌರವಗಳು ಬಂದವು: 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್. ಗೌರವದಿಂದ ಪ್ರೆಸ್ಸಿನ ಖರ್ಚು ಹುಟ್ಟಲ್ಲ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸರ್ವರಿನಲ್ಲಿ ತಪ್ಪು ಅಂಕಿ ಹಾಕಿದರೆ ನಾಳೆ ಬದಲಿಸಬಹುದು, ಬ್ಯಾಕಪ್ ಇದ್ದರೆ ಡೇಟಾನೂ ವಾಪಸ್ ಬರುತ್ತೆ. ಬೇರೆ ಪ್ರತಿಯೇ ಇಲ್ಲದ ತಾಳೆಗರಿ ಪುಡಿಯಾದರೆ ಅದನ್ನು ಯಾರೂ ವಾಪಸ್ ತರಕ್ಕಾಗಲ್ಲ. ಅವರ ಅವಸರಕ್ಕೆ ಕಾರಣ ಇದೇ.

1964ರ ಜೂನ್‌ನಲ್ಲಿ ಹಳಕಟ್ಟಿಯವರು ತೀರಿಕೊಂಡರು. ಅಷ್ಟೊತ್ತಿಗೆ ಅವರ ಕೈಗೆ ಸಿಕ್ಕಿದ್ದ ವಚನಗಳು ಅಚ್ಚಾಗಿ ಊರೂರಿಗೆ ಹೋಗಿದ್ದವು. ಒಂದು ಮನೆಯ ಗಂಟಿಗೆ ಬೆಂಕಿ ಬಿದ್ದರೆ ಅಳಿಸಿಹೋಗುವ ಸ್ಥಿತಿ ಅವಕ್ಕೆ ಇನ್ನಿರಲಿಲ್ಲ.