ಸಂತ ಜೋಸೆಫ್ ವಾಜ್: ವಿಶ್ವಾಸ ಬೆಳೆದಂತೆ ಪ್ರಾರ್ಥನೆ

ಬೇಡಿಕೊಂಡದ್ದು ಕೈಗೂಡಿದಾಗ ಸಂತೋಷದಿಂದ ಹರಕೆ ಸಲ್ಲಿಸುವ ನಾವು, ಕೈಗೂಡದಿದ್ದಾಗ ನಮ್ಮ ವಿಶ್ವಾಸವೇ ಸಾಲದಾಯಿತೇನೋ ಎಂದು ಕಳವಳಗೊಳ್ಳುತ್ತೇವೆ. ವಿಶ್ವಾಸ ಬಲವಾದಷ್ಟೂ ಬೇಡಿದ್ದು ಬೇಗ ದೊರೆಯಬೇಕೆಂಬ ಲೆಕ್ಕಾಚಾರ ನಮ್ಮಲ್ಲಿ ಅನೇಕರ ಮನದಲ್ಲಿ ಬೇರೂರಿದೆ. ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಈ ಲೆಕ್ಕಾಚಾರವನ್ನು ಸಂತ ಜೋಸೆಫ್ ವಾಜರ ಜೀವನದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸಿದ್ದೇವೆ.

ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. 1676ರಲ್ಲಿ ಯಾಜಕ ದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು, ತಂದೆಯ ಊರಾದ ಸಾಂಕವಾಳದಲ್ಲಿ, ತಾವು ಮರಿಯ ಮಾತೆಯ ದಾಸರೆಂದು ಪತ್ರ ಬರೆದು ತಮ್ಮನ್ನೇ ಅರ್ಪಿಸಿಕೊಂಡರು. ಪಡೆಯುವುದಕ್ಕಿಂತ ಮೊದಲು ಕೊಟ್ಟುಬಿಡುವ ಈ ಮನೋಭಾವವೇ ಅವರ ಮುಂದಿನ ಬಾಳಿನ ಬೀಗದ ಕೈ ಎನ್ನಬಹುದು.

ಆಗ ಸಿಂಹಳ ದ್ವೀಪದ ಕಥೋಲಿಕರ ಸ್ಥಿತಿ ಶೋಚನೀಯವಾಗಿತ್ತು. 1658ರಲ್ಲಿ ಡಚ್ಚರು ಅಲ್ಲಿನ ಕರಾವಳಿಯಿಂದ ಪೋರ್ತುಗೀಸರನ್ನು ಹೊರಗಟ್ಟಿ, ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಪೂಜೆಯಿಲ್ಲದೆ, ಪರಮಪ್ರಸಾದವಿಲ್ಲದೆ ಸೊರಗುತ್ತಿದ್ದ ಆ ಜನರ ಬಳಿಗೆ ಹೋಗಬೇಕೆಂಬುದೇ ವಾಜರ ಹಂಬಲವಾಗಿತ್ತು. ಆದರೆ ಮೇಲಧಿಕಾರಿಗಳು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾ ಪ್ರಾಂತ್ಯಕ್ಕೆ. ನಮ್ಮ ಕರಾವಳಿಗೆ ಇಂತಹ ಸಂತರು ದೊರೆತದ್ದು ಅವರ ಬೇಡಿಕೆ ಆಗ ಈಡೇರದಿದ್ದುದರಿಂದಲೇ! ಗೋವೆಗೂ ಮಂಗಳೂರಿಗೂ ನಡುವೆ ಬಾಳುವ ಹಿರೇಗುತ್ತಿಯ ನಾವು ಇದನ್ನು ಮರೆಯಲಾಗದು.

ಅದು ಕೆಳದಿಯ ಚೆನ್ನಮ್ಮಾಜಿ ರಾಜ್ಯವಾಳುತ್ತಿದ್ದ ಕಾಲ. ಧರ್ಮಸಭೆಯೊಳಗೇ ಪೋರ್ತುಗಲ್ಲಿನ ಅಧಿಕಾರಕ್ಕೆ ಸೇರಿದವರು, ರೋಮಿನಿಂದ ನೇಮಕಗೊಂಡ ಬಿಷಪ್ ತೋಮಾಸ್ ದ ಕಾಸ್ತ್ರೊ ಅವರ ಕಡೆಯವರು ಎಂದು ವಿಶ್ವಾಸಿಗಳು ಒಡೆದು ಎರಡಾಗಿದ್ದರು. ವಾಜರು ಹಗೆಯನ್ನು ಬೆಳೆಸದೆ ಸಾಮರಸ್ಯಕ್ಕಾಗಿ ದುಡಿದರು. ಮಂಗಳೂರು, ಬಸರೂರು, ಗಂಗೊಳ್ಳಿ ಮುಂತಾದೆಡೆಗಳಲ್ಲಿ ಸಂಸ್ಕಾರಗಳನ್ನು ನೀಡಿ, ಚದುರಿದ ಮಂದೆಯನ್ನು ಒಟ್ಟುಗೂಡಿಸಿದರು. ಮುಡಿಪುವಿನ ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆಗಳು ಚಿಮ್ಮಿದವೆಂಬ ನಂಬಿಕೆ ಭಕ್ತರಲ್ಲಿ ಇಂದಿಗೂ ಉಳಿದಿದೆ.

1684ರಲ್ಲಿ ಗೋವೆಗೆ ಮರಳಿದ ವಾಜರು ಮರುವರ್ಷ ಒರಟೋರಿಯನ್ ಸಮುದಾಯವನ್ನು ಸೇರಿದರು. 1686ರಲ್ಲಿ ಸಿಂಹಳಕ್ಕೆ ಹೊರಟು, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ಮುಟ್ಟಿದರು. ಬಹುಕಾಲದ ಪ್ರಾರ್ಥನೆಗೆ ಉತ್ತರವೇನೋ ದೊರೆಯಿತು. ಆದರೆ ಅದರೊಡನೆ ಬಂದದ್ದು ಪ್ರಾಣಾಂತಿಕ ರಕ್ತಭೇದಿ, ಹಸಿವು, ಡಚ್ಚರ ಭಯ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಧರಿಸಿ ಭಿಕ್ಷುಕರಂತೆ ಮನೆಮನೆಗೆ ತಿರುಗಿ, ಅದನ್ನು ಕಂಡು ಕಣ್ಣರಳಿಸಿದವರಲ್ಲಿ ಕಥೋಲಿಕರನ್ನು ಗುರುತಿಸಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ತುಗೀಸರ ಗೂಢಚಾರರೆಂಬ ಆರೋಪದ ಮೇಲೆ ಬಂಧನಕ್ಕೊಳಗಾದರು. ಅಲ್ಲಿಯೂ ಎದೆಗುಂದದೆ ಸಿಂಹಳ ಭಾಷೆಯನ್ನು ಕಲಿತರು.

1696ರಲ್ಲಿ ಕ್ಯಾಂಡಿಯಲ್ಲಿ ಭೀಕರ ಕ್ಷಾಮ ತಲೆದೋರಿತು. ರಾಜ ಎರಡನೆಯ ವಿಮಲಧರ್ಮಸೂರ್ಯನು ವಾಜರ ಪ್ರಾರ್ಥನೆಯನ್ನು ಕೋರಿದನು. ಅವರು ಬಯಲಿನಲ್ಲಿ ಶಿಲುಬೆಯನ್ನು ನಿಲ್ಲಿಸಿ ಮೊಣಕಾಲೂರಿದರು; ಧಾರಾಕಾರವಾಗಿ ಮಳೆ ಸುರಿಯಿತೆಂದೂ, ಅವರೂ ಪೀಠವೂ ಮಾತ್ರ ನೆನೆಯಲಿಲ್ಲವೆಂದೂ ಚರಿತ್ರಕಾರರು ಬರೆದಿದ್ದಾರೆ. ರಾಜ್ಯದಲ್ಲಿ ಧರ್ಮಬೋಧನೆಗೆ ಸ್ವಾತಂತ್ರ್ಯ ದೊರೆಯಿತು.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಮರುವರ್ಷವೇ ಸಿಡುಬು ಹಬ್ಬಿತು. ಮಳೆ ತರಿಸಿದ ಪ್ರಾರ್ಥನೆಗೆ ರೋಗ ಹಾಗೆ ಅಡಗಲಿಲ್ಲ. ಜನ ತಮ್ಮವರನ್ನೇ ತೊರೆದು ಓಡಿದರು. ಹಾಗೆ ಕೈಬಿಟ್ಟವರಿಗೆ ವಾಜರು ಗಂಜಿ ಉಣಿಸಿದರು, ಹುಣ್ಣು ತೊಳೆದರು, ಸತ್ತವರಿಗೆ ಮಣ್ಣು ಕೊಟ್ಟರು. ಮಳೆ ಬಂದ ವರ್ಷ ಅವರ ವಿಶ್ವಾಸ ಹೆಚ್ಚಾಗಿತ್ತು, ಸಿಡುಬಿನ ವರ್ಷ ಕುಂದಿತ್ತು ಎಂದು ಯಾರು ತಾನೆ ಹೇಳಿಯಾರು? ಮೊದಲ ವರ್ಷ ಉತ್ತರ ಆಕಾಶದಿಂದ ಇಳಿಯಿತು. ಎರಡನೆಯ ವರ್ಷ ಅವರ ಕೈಗಳೇ ಉತ್ತರವಾದವು.

ಮುಂದೆ ಉನ್ನತ ಪದವಿ ಅರಸಿಕೊಂಡು ಬಂದರೂ ಒಪ್ಪದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೈವಾಧೀನರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಸಂತ ಪದವಿಗೆ ವಾಡಿಕೆಯಂತೆ ಬೇಕಾದ ಎರಡನೆಯ ಅದ್ಭುತಕ್ಕೆ ಫ್ರಾನ್ಸಿಸರು ವಿನಾಯಿತಿ ನೀಡಿದ್ದು ಗಮನಾರ್ಹ. ಅವರ ಬಾಳೇ ಸಾಕ್ಷಿಯಾಗಿತ್ತು.

ವಿಶ್ವಾಸ ಆಳವಾದಂತೆ ದೇವರು ನಮ್ಮ ಇಚ್ಛೆಗೆ ಬಾಗುವುದಿಲ್ಲ. ನಾವು ಆತನ ಚಿತ್ತಕ್ಕೆ ಬಾಗುತ್ತೇವೆ. ಬೇಡುವುದನ್ನು ನಾವು ಬಿಡಬೇಕಾಗಿಲ್ಲ. ಮಳೆಗಾಗಿ ಸಂತರೂ ಬೇಡಿದರು. ಆದರೆ ಉತ್ತರ ಕಾಣದ ದಿನ, ವಿಶ್ವಾಸವಿಲ್ಲದವರೆಂದು ನಮ್ಮನ್ನಾಗಲಿ, ನೊಂದ ನೆರೆಯವರನ್ನಾಗಲಿ ಹಳಿಯದೆ, ಕೈಗೆ ಬಂದ ಸೇವೆಯನ್ನು ಮಾಡೋಣ. ಇಂತಹ ವಿಶ್ವಾಸ ನಮ್ಮ ಪ್ರತಿಯೊಂದು ಕುಟುಂಬದಲ್ಲಿಯೂ ನೆಲೆಸುವಂತೆ ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.