ಹಾಫ್‌ಬ್ಯಾಕ್ ಕೆಂಪಯ್ಯ

ಮಳೆಗಾಲದಲ್ಲಿ ಹೊರನಾಡು, ಕಳಸದ ಕಡೆ ಕೆಸರುಗದ್ದೆಯಲ್ಲಿ ಫುಟ್‌ಬಾಲ್ ಆಡಿ ಬಂದವರು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ತಂಡ ಹಂಚುವಾಗ ಎಲ್ಲರಿಗೂ ಫಾರ್ವರ್ಡೇ ಆಗಬೇಕು. ಹಿಂದೆ ನಿಲ್ಲು ಅಂದ್ರೆ ಮುಖ ಸಪ್ಪೆ. ಗೋಲು ಹೊಡೆದವನ ಹೆಸರು ಊರಿಗೆಲ್ಲ ಗೊತ್ತಾಗುತ್ತೆ, ತಡೆದವನದು ಯಾರಿಗೆ ನೆನಪಿರುತ್ತೆ? ಹಾಗೆ ತಡೆಯುವ ಕೆಲಸ ಮಾಡಿಕೊಂಡೇ ಎರಡು ಒಲಿಂಪಿಕ್ಸ್‌ಗೆ ಹೋಗಿಬಂದ ನಮ್ಮವರೊಬ್ಬರಿದ್ದರು. ಹೆಸರು ಮರಿಯಪ್ಪ ಕೆಂಪಯ್ಯ.

ಮೈಸೂರು ರಾಜ್ಯದಿಂದ ಬೆಳೆದುಬಂದ ಕೆಂಪಯ್ಯ ಆಡುತ್ತಿದ್ದದ್ದು ಹಾಫ್‌ಬ್ಯಾಕ್ ಆಗಿ. ಆಗಿನ ಲೆಕ್ಕದಲ್ಲಿ ಗೋಲಿಯ ಮುಂದೆ ಇಬ್ಬರು ಫುಲ್‌ಬ್ಯಾಕ್, ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಆಮೇಲೆ ಐವರು ಫಾರ್ವರ್ಡ್. ಎದುರಾಳಿಯ ಕಾಲಿಂದ ಚೆಂಡು ಕಿತ್ತುಕೊಂಡು ಮುಂದಿನವರಿಗೆ ದಾಟಿಸಬೇಕು, ದಾಟಿಸಿದ ಕೂಡಲೇ ಮತ್ತೆ ಹಿಂದಕ್ಕೆ ಓಡಬೇಕು. ದಣಿವು ಜಾಸ್ತಿ, ಚಪ್ಪಾಳೆ ಕಮ್ಮಿ.

ಇವತ್ತು ಜರ್ಮನಿಯ ಮೂರನೇ ಡಿವಿಷನ್‌ನ ಡಿಫೆಂಡರ್‌ಗೂ ಒಪ್ಪಂದ, ಸಂಬಳ ಇರುತ್ತೆ. ಆಗ ನಮ್ಮಲ್ಲಿ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ದೊಡ್ಡ ಹೆಸರು ಮಾಡಬೇಕೆಂದರೆ ಕಲ್ಕತ್ತೆಯ ರೈಲು ಹತ್ತಬೇಕಿತ್ತು. ಬೆಂಗಳೂರಿನ ಅಹಮದ್ ಖಾನ್ ಈಸ್ಟ್ ಬೆಂಗಾಲ್‌ಗೆ ಹೋದರು, ಕೆಂಪಯ್ಯ ಮೋಹನ್ ಬಾಗಾನ್‌ನಲ್ಲಿ ಆಡಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತ್ತು. ಆ ಚಳಿಯಲ್ಲೂ ನಮ್ಮ ಹಲವರು ಬರಿಗಾಲಲ್ಲೇ ಆಡಿದ್ದರು. ನಾಲ್ಕು ವರ್ಷದ ಮೇಲೆ ಕೋಚ್ ಸೈಯದ್ ಅಬ್ದುಲ್ ರಹೀಂ ಮೆಲ್ಬರ್ನ್‌ಗೆ ಕರೆದೊಯ್ದ ತಂಡದಲ್ಲಿ ಕೆಂಪಯ್ಯ ಇದ್ದರು. 1956ರ ನವೆಂಬರ್ 1ಕ್ಕೆ ಕನ್ನಡನಾಡು ಒಂದಾಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಭಾರತ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿದ ಮೊದಲ ಏಷ್ಯಾ ತಂಡ ನಮ್ಮದಾಯಿತು.

ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದೇ! ಕೊನೆಗೆ 1-4ರಿಂದ ಸೋತೆವು, ನಿಜ. ಆದರೆ ಹತ್ತು ಗೋಲು ನಾಲ್ಕಕ್ಕೆ ಇಳಿದಿತ್ತು. ಹಾಗೆ ಇಳಿದದ್ದು ಹಿಂದೆ ನಿಂತವರ ಕೆಲಸವೂ ಹೌದಲ್ವಾ? ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು 0-3. ಭಾರತಕ್ಕೆ ನಾಲ್ಕನೇ ಸ್ಥಾನ. ಇವತ್ತಿಗೂ ಅದನ್ನು ನಾವು ದಾಟಿಲ್ಲ.

1960ರಲ್ಲಿ ರೋಮ್‌ಗೂ ಕೆಂಪಯ್ಯ ಹೋದರು. ಅಲ್ಲಿ ಹಂಗೇರಿ ಎದುರು 1-2, ಫ್ರಾನ್ಸ್ ಜೊತೆ 1-1, ಪೆರು ಎದುರು 1-3. ಪದಕ ಬರಲಿಲ್ಲ. ಆಮೇಲೆ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಕಂಡೇ ಇಲ್ಲ.

ನಾವು ಕಾಲೇಜಿಗೆ ಬರುವ ಎಷ್ಟೋ ಮೊದಲೇ ಕೆಂಪಯ್ಯ ತೀರಿಕೊಂಡರು. ಮೆಲ್ಬರ್ನ್, ರೋಮ್‌ನ ಗೋಲುಗಳ ಪಟ್ಟಿ ತೆಗೆದರೆ ಅವರ ಹೆಸರು ಸಿಗುವುದಿಲ್ಲ. ಆಡಿದವರ ಪಟ್ಟಿಯನ್ನು ಪೂರ್ತಿ ಓದಿದರೆ ಮಾತ್ರ ಸಿಗುತ್ತೆ. ಮುಂದಿನ ಸಲ ಮೈದಾನದಲ್ಲಿ ನಿಮ್ಮನ್ನು ಹಿಂದೆ ನಿಲ್ಲು ಅಂದ್ರೆ ಮುಖ ಸಪ್ಪೆ ಮಾಡ್ಕೋಬೇಡಿ. ಕೆಂಪಯ್ಯ ಎರಡು ಒಲಿಂಪಿಕ್ಸ್ ನೋಡಿದ್ದು ಆ ಕಡೆಯಿಂದಲೇ.