ಬೀಳುವ ಮೊದಲೇ ಅಳೆದಿಟ್ಟವರು: ಆರ್ಮೇನಿಯಾದ ತೋರೋಸ್ ತೋರಮಾನ್ಯಾನ್

ಗಲ್ಫ್‌ನಲ್ಲಿರುವ ನಮ್ಮವರಿಗೆ ಯೆರೆವಾನ್ ಈಗ ಹೊಸ ಹೆಸರೇನಲ್ಲ. ಈದ್‌ಗೆ ನಾಲ್ಕು ದಿನ ರಜೆ ಸಿಕ್ಕಿತು ಅಂದರೆ ಶಾರ್ಜಾದಿಂದ ಮೂರು ಗಂಟೆ ಚಿಲ್ಲರೆಯ ವಿಮಾನ, ವೀಸಾದ ತಲೆಬಿಸಿ ಕಡಿಮೆ, ಇಲ್ಲಿಯ ಸೆಕೆಯಿಂದಲೂ ಬಿಡುಗಡೆ. ನಾನೂ ಮನೆಯವರನ್ನು ಕರೆದುಕೊಂಡು ಹೋಗಿ ಬಂದವನೇ. ಅಲ್ಲಿ ಇಳಿಯುವ ಏರ್‌ಪೋರ್ಟ್ ಹೆಸರು ಜ್ವಾರ್ಟ್‌ನೋಟ್ಸ್. ಪಾಸ್‌ಪೋರ್ಟ್‌ಗೆ ಸೀಲ್ ಹಾಕಿಸಿಕೊಂಡು ಹೊರಗೆ ಬಂದ ನಮ್ಮಲ್ಲಿ ಎಷ್ಟು ಜನ ಆ ಹೆಸರು ಯಾತರದ್ದು ಅಂತ ಕೇಳಿದ್ದೇವೆ? ನಾನಂತೂ ಕೇಳಿರಲಿಲ್ಲ.

ಮೂರನೇ ದಿನ ಟ್ಯಾಕ್ಸಿಯವನು ಏರ್‌ಪೋರ್ಟ್‌ನಿಂದ ಹೆಚ್ಚು ದೂರವಿಲ್ಲದ ಒಂದು ಹಾಳುಬಿದ್ದ ಚರ್ಚಿಗೆ ಕರೆದುಕೊಂಡು ಹೋದಾಗಲೇ ಗೊತ್ತಾಗಿದ್ದು. ಬಯಲಿನಲ್ಲಿ ದುಂಡಗೆ ನಿಂತ ಕೆಲವು ಕಂಬಗಳು, ಕಂಬದ ತಲೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಸುತ್ತಲೂ ಸಾಲಾಗಿ ಜೋಡಿಸಿಟ್ಟ ಕೆತ್ತನೆಯ ಕಲ್ಲುಗಳು. ಕಲ್ಲಿನ ಮೇಲೆ ದ್ರಾಕ್ಷಿ, ದಾಳಿಂಬೆ. ಪಕ್ಕದ ಮ್ಯೂಸಿಯಂ ಒಳಗೆ ಅದೇ ಚರ್ಚಿನ ಪೂರ್ತಿ ಮಾದರಿ ಇದೆ. ಒಂದರ ಮೇಲೊಂದು ಮೂರು ದುಂಡನೆಯ ಅಂತಸ್ತು, ತುದಿಯಲ್ಲಿ ಗುಮ್ಮಟ. ಸಾವಿರ ವರ್ಷದ ಹಿಂದೆಯೇ ಬಿದ್ದುಹೋದ ಕಟ್ಟಡ ಹೀಗೇ ಇತ್ತು ಅಂತ ಇವರಿಗೆ ಹೇಳಿದವರು ಯಾರು? ನನ್ನದು ಲೆಕ್ಕದವನ ಬುದ್ಧಿ, ವೋಚರ್ ಇಲ್ಲದ ಎಂಟ್ರಿ ಕಂಡರೆ ಸುಮ್ಮನಿರೋದಿಲ್ಲ. ಆ ವೋಚರ್ ಹುಡುಕಿಕೊಂಡು ಹೋದಾಗ ಸಿಕ್ಕ ಹೆಸರು ತೋರೋಸ್ ತೋರಮಾನ್ಯಾನ್.

ಆರ್ಮೇನಿಯಾದಲ್ಲಿ ಅವರ ಹೆಸರು ಕೇಳದ ಎಂಜಿನಿಯರ್ ಸಿಗಲಿಕ್ಕಿಲ್ಲ. ಅಲ್ಲಿಯ ವಾಸ್ತುಶಿಲ್ಪದ ಇತಿಹಾಸ ಅನ್ನುವ ವಿದ್ಯೆಯೇ ಅವರಿಂದ ಶುರುವಾಯಿತು ಅಂತ ಗೌರವಿಸುತ್ತಾರೆ. ಆದರೆ ಅವರು ಹುಟ್ಟಿದ್ದು ಇವತ್ತಿನ ಆರ್ಮೇನಿಯಾದಲ್ಲಿ ಅಲ್ಲ. 1864ರಲ್ಲಿ, ಒಟ್ಟೋಮನ್ ಸಾಮ್ರಾಜ್ಯದ ಶಾಬಿನ್ ಕರಾಹಿಸಾರ್ ಅನ್ನುವ ಬೆಟ್ಟದೂರಿನಲ್ಲಿ. ಅದು ಈಗ ಟರ್ಕಿಯ ಉತ್ತರ ಭಾಗದಲ್ಲಿದೆ. ಚಿಕ್ಕಂದಿನಲ್ಲೇ ತಂದೆತಾಯಿ ಹೋದರು. ಹೊಟ್ಟೆಪಾಡಿಗೆ ಕಲ್ಲಿನ ಕೆಲಸ ಕಲಿತ ಹುಡುಗ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇಂದಿನ ಇಸ್ತಾಂಬುಲ್‌ಗೆ ಬಂದ. ಊರು ಬಿಟ್ಟು ದೊಡ್ಡ ಪಟ್ಟಣಕ್ಕೆ ಬಂದು ಕಟ್ಟಡದ ಕೆಲಸಕ್ಕೆ ನಿಲ್ಲುವುದು ಹೇಗಿರುತ್ತೆ ಅಂತ ಈ ಪುಟ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಓಸ್ಮಾನ್ ಹಮ್ದಿ ಬೇ ಕಟ್ಟಿದ ಲಲಿತಕಲಾ ಶಾಲೆ ಆಗಷ್ಟೇ ಶುರುವಾಗಿತ್ತು. ಅದರಲ್ಲಿ ಸೇರಿ 1893ರ ಹೊತ್ತಿಗೆ ವಾಸ್ತುಶಿಲ್ಪಿ ಆಗಿ ಹೊರಗೆ ಬಂದರು. ಕಲ್ಲು ಕೆತ್ತಿದ ಕೈಗೆ ನಕ್ಷೆ ಬರೆಯುವ ಕೈಯೂ ಸೇರಿತು. ಮುಂದಿನ ಅವರ ಬದುಕಿಗೆಲ್ಲ ಬಂಡವಾಳ ಇದೇ. ಪುಸ್ತಕ ಓದಿ ಹಳೆಯ ಚರ್ಚುಗಳ ಬಗ್ಗೆ ಬರೆಯುವ ಪಂಡಿತರು ಆಗಲೂ ಬೇಕಾದಷ್ಟು ಇದ್ದರು. ಕಲ್ಲಿನ ಮೇಲಿನ ಉಳಿಯ ಗುರುತು ನೋಡಿ ಇದು ಮೊದಲಿನದ್ದು, ಇದು ರಿಪೇರಿಯದ್ದು ಅಂತ ಹೇಳಬಲ್ಲವರು ಇರಲಿಲ್ಲ.

1890ರ ದಶಕದ ಮಧ್ಯದಲ್ಲಿ ಸುಲ್ತಾನ್ ಅಬ್ದುಲ್ ಹಮೀದರ ಆಳ್ವಿಕೆಯಲ್ಲಿ ಆರ್ಮೇನಿಯನ್ನರ ಕಗ್ಗೊಲೆಗಳು ನಡೆದವು. ತೋರಮಾನ್ಯಾನ್ ದೇಶ ಬಿಟ್ಟರು. ಬಲ್ಗೇರಿಯಾ, ರೊಮೇನಿಯಾಗಳಲ್ಲಿ ಕೆಲಸ ಮಾಡಿದರು, ಕಡೆಗೆ ಪ್ಯಾರಿಸ್ ಸೇರಿದರು. ನಲವತ್ತರ ಹತ್ತಿರದ ವಯಸ್ಸು. ಯುರೋಪಿನಲ್ಲೇ ಉಳಿದಿದ್ದರೆ ನಾಲ್ಕು ಒಳ್ಳೆಯ ಬಂಗಲೆ ಕಟ್ಟಿ ನೆಮ್ಮದಿಯಾಗಿ ಇರಬಹುದಿತ್ತು.

1903ರಲ್ಲಿ ಬಸ್ಮಾಜ್ಯಾನ್ ಎಂಬ ಪ್ಯಾರಿಸ್ಸಿನ ಆರ್ಮೇನಿಯನ್ ವಿದ್ವಾಂಸರ ಜೊತೆ ಆನಿ ನೋಡಲು ಹೊರಟರು. ಆನಿ ಅಂದರೆ ಆರ್ಮೇನಿಯದ ಹಂಪಿ ಅಂದುಕೊಳ್ಳಿ, ನಮಗೆ ಬೇಗ ಅರ್ಥವಾಗುತ್ತೆ. 961ರಿಂದ 1045ರವರೆಗೆ ಬಾಗ್ರಾಟುನಿ ರಾಜರ ರಾಜಧಾನಿ, ಸಾವಿರದೊಂದು ಚರ್ಚುಗಳ ಊರು ಅಂತ ಹೆಸರು. ಅಲ್ಲಿಯ ದೊಡ್ಡ ಕಥೀಡ್ರಲ್ ಕಟ್ಟಿದ ತ್ರ್ದಾತ್ ಎಂಬ ಶಿಲ್ಪಿಯನ್ನೇ, 989ರ ಭೂಕಂಪದಲ್ಲಿ ಬಿರಿದ ಹಗಿಯಾ ಸೋಫಿಯಾದ ಗುಮ್ಮಟ ಸರಿಮಾಡಲು ಕಾನ್‌ಸ್ಟಾಂಟಿನೋಪಲ್‌ನವರು ಕರೆಸಿಕೊಂಡಿದ್ದರು. ಆಮೇಲೆ ದಾಳಿಗಳು, 1319ರ ಭೂಕಂಪ, ವ್ಯಾಪಾರದ ದಾರಿ ಬೇರೆ ಕಡೆ ತಿರುಗಿದ್ದು, ಹೀಗೆ ಊರು ಖಾಲಿಯಾಯಿತು. ತೋರಮಾನ್ಯಾನ್ ಬರುವ ಹೊತ್ತಿಗೆ ಅದು ರಷ್ಯಾದ ಆಡಳಿತದಲ್ಲಿದ್ದ ಒಂದು ಹಾಳು ಬಯಲು.

ಕರೆತಂದ ವಿದ್ವಾಂಸರು ಸ್ವಲ್ಪ ದಿನಕ್ಕೆ ವಾಪಸ್ ಹೋದರು. ತೋರಮಾನ್ಯಾನ್ ಹೋಗಲಿಲ್ಲ. ಸಂಬಳ ಇಲ್ಲ, ಹಿಂದೆ ಯಾವ ಸಂಸ್ಥೆಯೂ ಇಲ್ಲ. ಟೇಪು, ಪೆನ್ಸಿಲ್, ಕಾಗದ ಹಿಡಿದು ಒಂದೊಂದೇ ಕಟ್ಟಡ ಅಳೆಯುತ್ತಾ ಕೂತರು. ಇದು ಹುಚ್ಚೋ ನಿಷ್ಠೆಯೋ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ಬಹುಶಃ ಕಲ್ಲಿನ ಕೆಲಸ ಗೊತ್ತಿದ್ದವರಿಗೆ ಆ ಗೋಡೆಗಳು ಇನ್ನೆಷ್ಟು ವರ್ಷ ನಿಲ್ಲುತ್ತವೆ ಅನ್ನುವ ಅಂದಾಜು ಸಿಕ್ಕಿರಬೇಕು.

ಆ ಕಟ್ಟಡಗಳ ರೀತಿ ಸ್ವಲ್ಪ ಹೇಳಬೇಕು. ಅಲ್ಲಿಯದು ಟಫ್ ಅನ್ನುವ ಜ್ವಾಲಾಮುಖಿಯ ಕಲ್ಲು, ಗುಲಾಬಿ, ಕಂದು, ಕಪ್ಪು ಬಣ್ಣಗಳಲ್ಲಿ ಸಿಗುತ್ತೆ. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ ಕಡಿಯುವಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಒಳಗೂ ಹೊರಗೂ ನಯವಾದ ಕಲ್ಲಿನ ಹಲಗೆ ನಿಲ್ಲಿಸಿ, ನಡುವೆ ಸುಣ್ಣದ ಗಾರೆ, ಕಲ್ಲುಚೂರು ತುಂಬಿಸಿ ಗೋಡೆ ಎತ್ತುತ್ತಿದ್ದರು. ಹೊರಗಿನ ಹಲಗೆಕಲ್ಲನ್ನು ಊರವರು ಮನೆ ಕಟ್ಟಲು ಕಿತ್ತೊಯ್ದರೂ ಒಳಗಿನ ಗಾರೆಯ ಗಡ್ಡೆ ನಿಂತಿರುತ್ತೆ. ಆದರೆ ಬಾಗಿಲು ಎಲ್ಲಿತ್ತು, ಕೆತ್ತನೆ ಏನಿತ್ತು, ಶಾಸನ ಏನು ಹೇಳಿತ್ತು, ಎಲ್ಲ ಆ ಹಲಗೆಯ ಜೊತೆಗೇ ಹೋಗುತ್ತದೆ. ಹಾಗಾಗಿ ಅಳೆಯುವ ಕೆಲಸಕ್ಕೆ ನಾಳೆ ಅನ್ನುವುದಿಲ್ಲ.

ಇದೇ ಸಮಯದಲ್ಲಿ ಎಚ್ಮಿಯಾಜಿನ್ ಹತ್ತಿರ ಖಚಿಕ್ ದಾದ್ಯಾನ್ ಎಂಬ ಪಾದ್ರಿಗಳು ಜ್ವಾರ್ಟ್‌ನೋಟ್ಸ್‌ನ ದಿಬ್ಬ ಅಗೆಸುತ್ತಿದ್ದರು. 7ನೇ ಶತಮಾನದ ಮಧ್ಯಭಾಗದಲ್ಲಿ ಧರ್ಮಗುರು ಮೂರನೇ ನೆರ್ಸೆಸ್ ಕಟ್ಟಿಸಿದ ಚರ್ಚು, 10ನೇ ಶತಮಾನದಲ್ಲಿ ಕುಸಿದು ಮಣ್ಣಾಗಿತ್ತು. ತಳಪಾಯ ಸಿಕ್ಕಿತು, ಕಲ್ಲುಗಳು ರಾಶಿ ರಾಶಿ ಸಿಕ್ಕವು, ಆದರೆ ಮೇಲೆ ಏನಿತ್ತು? ತೋರಮಾನ್ಯಾನ್ ಕಲ್ಲುಗಳನ್ನೇ ಕೇಳಿದರು ಅನ್ನಬೇಕು. ಕಮಾನಿನಿಂದ ಬಿದ್ದ ಒಂದು ಕಲ್ಲಿನ ಬಾಗು ಅಳೆದರೆ ಆ ಕಮಾನಿನ ಅಗಲ ಲೆಕ್ಕ ಹಾಕಬಹುದು. ದುಂಡು ಗೋಡೆಯ ಒಂದು ಕಲ್ಲಿನಿಂದ ಆ ಗೋಡೆಯ ಸುತ್ತಳತೆ ಸಿಗುತ್ತೆ. ಹೀಗೆ ತುಂಡುಗಳಿಂದ ಇಡೀ ಕಟ್ಟಡಕ್ಕೆ ಹೋಗಿ, 1905ರಲ್ಲಿ ಮೂರು ಅಂತಸ್ತಿನ ನಕ್ಷೆ ಮುಂದಿಟ್ಟರು.

ನಂಬಿದವರು ಕಡಿಮೆ. ಆ ಕಾಲದಲ್ಲಿ ಅಷ್ಟು ಎತ್ತರಕ್ಕೆ, ಅದೂ ಹೀಗೆ ದುಂಡಗೆ, ಕಟ್ಟಲು ಸಾಧ್ಯವೇ ಇಲ್ಲ ಅನ್ನುವ ಮಾತು ಬಂತು. ಡಿಗ್ರಿಗಿಂತ ಉಳಿಯನ್ನು ಹೆಚ್ಚು ಹಿಡಿದ ಮನುಷ್ಯನ ಊಹೆ ಅಂತ ಕೆಲವರಿಗೆ ಅನ್ನಿಸಿದ್ದರೂ ಆಶ್ಚರ್ಯ ಇಲ್ಲ.

ಮಾರನೇ ವರ್ಷ ಬಂತು ನೋಡಿ ವೋಚರ್. ಆನಿಯಲ್ಲಿ ರಷ್ಯಾದ ವಿದ್ವಾಂಸ ನಿಕೊಲಾಯ್ ಮಾರ್ 1904ರಿಂದ ಮತ್ತೆ ಉತ್ಖನನ ಶುರುಮಾಡಿದ್ದರು, ತೋರಮಾನ್ಯಾನ್ ಅವರ ತಂಡಕ್ಕೆ ಸೇರಿದ್ದರು. 1906ರಲ್ಲಿ ಅಲ್ಲಿ ರಾಜ ಗಾಗಿಕ್ ಕಟ್ಟಿಸಿದ್ದ ದುಂಡು ಚರ್ಚಿನ ಅವಶೇಷ ಹೊರಬಂತು. ಜ್ವಾರ್ಟ್‌ನೋಟ್ಸ್ ನೋಡಿ ಅದರ ಹಾಗೆಯೇ ಗಾಗಿಕ್ ಒಂದು ಚರ್ಚು ಕಟ್ಟಿಸಿದ ಅಂತ ಆ ಕಾಲದ ಚರಿತ್ರೆಕಾರ ಸ್ತೆಪಾನೋಸ್ ಬರೆದಿಟ್ಟಿದ್ದು ಇದರದ್ದೇ ವಿಷಯ. ಅವಶೇಷದ ನಡುವೆ ಸಿಕ್ಕಿದ್ದು ರಾಜನದ್ದೇ ಕಲ್ಲಿನ ಪ್ರತಿಮೆ, ಆಳಿಗಿಂತ ಎತ್ತರ, ತಲೆಗೆ ದೊಡ್ಡ ಮುಂಡಾಸು, ಕೈಯಲ್ಲಿ ತಾನು ಕಟ್ಟಿಸಿದ ಚರ್ಚಿನ ಮಾದರಿ. ತೋರಮಾನ್ಯಾನ್ ಬರೆದ ನಕ್ಷೆಯ ಪರವಾಗಿ ಒಂಬೈನೂರು ವರ್ಷದ ಹಿಂದಿನ ರಾಜನೇ ಬಂದು ನಿಂತ ಹಾಗಾಯಿತು. ಎಲ್ಲರ ಬಾಯೂ ಮುಚ್ಚಿತು ಅಂತ ಹೇಳಲಾರೆ, ಆ ಎತ್ತರದ ಬಗ್ಗೆ, ಅಂತಸ್ತುಗಳ ಬಗ್ಗೆ ಆಮೇಲೂ ಬೇರೆ ಬೇರೆ ವಾದಗಳು ಬಂದಿವೆ. ಆದರೆ ಮ್ಯೂಸಿಯಂನಲ್ಲಿ ನಾವು ನೋಡುವ ರೂಪ ಅವರದ್ದೇ.

ಆ ಪ್ರತಿಮೆ ಇವತ್ತು ಆ ರೂಪದಲ್ಲಿ ಎಲ್ಲೂ ಇಲ್ಲ. ಮೊದಲ ಮಹಾಯುದ್ಧ ಮತ್ತು ಅದರ ನಂತರದ ಗಲಾಟೆಯಲ್ಲಿ ಕಾಣೆಯಾಯಿತು. ಆಗ ತೆಗೆದ ಫೋಟೋಗಳು ಉಳಿದಿವೆ. ಆನಿ ತಂಡದ ಫೋಟೋಗ್ರಾಫರ್ ಅರಾಮ್ ವ್ರೂಯ್ರ್ ಮೂಲತಃ ನಾಟಕದ ನಟ, ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಿಕ್ಕ ವಸ್ತುಗಳನ್ನು ಇಡಲು ಮಾರ್ ಅವರು ಆನಿಯ ಮನೂಚಿಹರ್ ಮಸೀದಿಯನ್ನೇ ಮ್ಯೂಸಿಯಂ ಮಾಡಿಕೊಂಡಿದ್ದರು. ಚರ್ಚಿನ ಕಲ್ಲುಗಳು ಮಸೀದಿಯ ಮಾಡಿನ ಕೆಳಗೆ ಸುರಕ್ಷಿತವಾಗಿ ಕೂತಿದ್ದವು.

ಟೆಕೋರ್ ಕಥೆ ಇನ್ನೂ ಗಟ್ಟಿ. ಆನಿಯ ಹತ್ತಿರದ ಈ ಚರ್ಚು 5ನೇ ಶತಮಾನದ್ದು, ಆರ್ಮೇನಿಯನ್ನರ ಅತ್ಯಂತ ಹಳೆಯ ಗುಮ್ಮಟಗಳಲ್ಲಿ ಒಂದು ಇದರ ಮೇಲಿತ್ತು. ತೋರಮಾನ್ಯಾನ್ ಅದನ್ನು ಇಂಚಿಂಚು ಅಳೆದು, ಯಾವ ಭಾಗ ಯಾವ ಕಾಲದಲ್ಲಿ ಸೇರಿತು ಅಂತ ಬಿಡಿಸಿ, 1911ರಲ್ಲಿ ತಿಫ್ಲಿಸ್‌ನಲ್ಲಿ ಪುಸ್ತಕ ಅಚ್ಚು ಹಾಕಿಸಿದರು. 1912ರಲ್ಲಿ ಭೂಕಂಪ ಬಂತು. ಗುಮ್ಮಟ ಬಿತ್ತು. ಒಂದೇ ಒಂದು ವರ್ಷದ ಅಂತರ! ಉಳಿದದ್ದಕ್ಕೆ 1936ರಲ್ಲಿ ಮತ್ತೊಂದು ಭೂಕಂಪದ ಪೆಟ್ಟು ಬಿತ್ತು, ಹಲಗೆಕಲ್ಲುಗಳನ್ನು ಜನ ಒಯ್ದರು. ಈಗ ಟರ್ಕಿಯ ದಿಗೋರ್ ಊರಿನಲ್ಲಿ ಗಾರೆಯ ಗಡ್ಡೆ ಮಾತ್ರ ಇದೆ. ವರ್ಷದ ಕೊನೆಗೆ ಗೋದಾಮಿನಲ್ಲಿ ಸ್ಟಾಕ್ ಎಣಿಸುವ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಎಣಿಸಿ ಸಹಿ ಹಾಕಿದ ಹಾಳೆ ಇದ್ದರೆ ಗೋದಾಮು ಸುಟ್ಟರೂ ಏನಿತ್ತು ಅಂತ ಹೇಳಬಹುದು. ಹಾಳೆ ಇಲ್ಲದಿದ್ದರೆ ಏನೂ ಇರಲಿಲ್ಲ ಅಂತ ಯಾರು ಬೇಕಾದರೂ ಹೇಳಬಹುದು.

ಈ ಜನರ ಮಟ್ಟಿಗೆ ಆ ಎರಡನೇ ಮಾತು ಬರೀ ಹೋಲಿಕೆ ಅಲ್ಲ. 1915ರಲ್ಲಿ ಒಟ್ಟೋಮನ್ ನಾಡಿನ ಆರ್ಮೇನಿಯನ್ನರನ್ನು ಊರೂರಿನಿಂದ ಅಳಿಸಿಹಾಕಲಾಯಿತು. ತೋರಮಾನ್ಯಾನ್ ಹುಟ್ಟಿದ ಶಾಬಿನ್ ಕರಾಹಿಸಾರ್‌ನ ಜನ ಹಳೆಯ ಕೋಟೆಗೆ ಹತ್ತಿ ಕೆಲವು ವಾರ ಎದುರಿಸಿ ನಿಂತರು, ಕಡೆಗೆ ಅವರ ಊರೂ ಮುಗಿಯಿತು. ಜನ ಇಲ್ಲದ ಊರಿನಲ್ಲಿ ಅವರ ಕಟ್ಟಡದ ಪರವಾಗಿ ಮಾತಾಡುವುದು ಕಾಗದ ಮಾತ್ರ.

ಅವರ ಆ ಕಾಗದಗಳ ಗತಿ ಏನಾಯಿತು ಅನ್ನುವುದೇ ಬೇಸರದ ಭಾಗ. 1913ರಲ್ಲಿ ವಿಯೆನ್ನಾದ ಪ್ರೊಫೆಸರ್ ಯೋಸೆಫ್ ಸ್ಟ್ರಿಗೋವ್ಸ್ಕಿ ಆರ್ಮೇನಿಯಾಗೆ ಬಂದರು. ತೋರಮಾನ್ಯಾನ್ ಹತ್ತು ವರ್ಷದ ಅಳತೆ, ನಕ್ಷೆ, ಫೋಟೋಗಳನ್ನು ಅವರಿಗೆ ತೆರೆದಿಟ್ಟರು. ಯುದ್ಧ ಬಂತು, ಸಂಪರ್ಕ ಕಡಿಯಿತು. 1918ರಲ್ಲಿ ವಿಯೆನ್ನಾದಲ್ಲಿ ಎರಡು ದಪ್ಪ ಸಂಪುಟಗಳು ಹೊರಬಂದವು. ಆರ್ಮೇನಿಯನ್ ಕಟ್ಟಡಗಳ ಕಡೆಗೆ ಇಡೀ ಯುರೋಪ್ ತಿರುಗಿ ನೋಡಿದ್ದು ಆ ಪುಸ್ತಕದಿಂದ. ಕರ್ತೃ ಸ್ಟ್ರಿಗೋವ್ಸ್ಕಿ. ತೋರಮಾನ್ಯಾನ್ ಅವರ ಅಳತೆಗಳನ್ನು ಬಳಸಿದೆ ಅಂತ ಮುಖಪುಟದಲ್ಲೇ ಅಚ್ಚಾಗಿದೆ, ಅದನ್ನು ಒಪ್ಪಬೇಕು. ಆದರೆ ಬಳಸಿದ್ದಕ್ಕೂ ಬರೆದದ್ದಕ್ಕೂ ಎಷ್ಟು ವ್ಯತ್ಯಾಸ! ಆ ಪ್ರೊಫೆಸರ್ ಮುಂದೆ ಜನಾಂಗದ ಸಿದ್ಧಾಂತಗಳ ಹಿಂದೆ ಬಿದ್ದು ನಾಜಿಗಳ ಕಡೆ ವಾಲಿದರು. ಅವರ ವಾದಗಳನ್ನು ಈಗ ಯಾರೂ ಹಾಗೇ ಒಪ್ಪುವುದಿಲ್ಲ. ಪುಸ್ತಕದಲ್ಲಿರುವ ಅಳತೆಗಳನ್ನು ಮಾತ್ರ ಇವತ್ತಿಗೂ ತೆರೆದು ನೋಡುತ್ತಾರೆ.

ಅದೇ 1918ರಲ್ಲಿ ಸೈನ್ಯ ಹತ್ತಿರ ಬರುತ್ತಿದ್ದಾಗ ಅಶ್ಖರ್‌ಬೆಕ್ ಕಲಾಂತಾರ್ ಎಂಬ ಪುರಾತತ್ತ್ವಜ್ಞರು ಆನಿ ಮ್ಯೂಸಿಯಂನ ಸುಮಾರು 6000 ವಸ್ತುಗಳನ್ನು ಸಾಗಿಸಿ ಉಳಿಸಿದರು. ಎಲ್ಲವನ್ನೂ ಉಳಿಸಲು ಆಗಲಿಲ್ಲ. ಆ ಯುದ್ಧದ ವರ್ಷಗಳಲ್ಲಿ ತೋರಮಾನ್ಯಾನ್ ಅವರ ಕೈಬರಹಗಳು, ನಕ್ಷೆಗಳು ಕೂಡ ಬಹಳಷ್ಟು ಹಾಳಾದವು. ಐವತ್ತು ದಾಟಿದ ವಯಸ್ಸಿನಲ್ಲಿ, ಆಗಲೇ ಬಿದ್ದುಹೋದ ಕಟ್ಟಡದ ಅಳತೆಯನ್ನು ಎರಡನೇ ಸಲ ತೆಗೆಯುವುದಾದರೂ ಹೇಗೆ?

1921ರ ಕಾರ್ಸ್ ಒಪ್ಪಂದದಲ್ಲಿ ಗಡಿ ಎಳೆದರು. ಅಖುರ್ಯಾನ್ ಹೊಳೆಯ ಈಚೆ ಸೋವಿಯತ್ ಆರ್ಮೇನಿಯಾ, ಆಚೆ ಟರ್ಕಿ. ಆನಿ ಆಚೆ ದಡದಲ್ಲಿ ಉಳಿಯಿತು. ಹೊಳೆ ದೊಡ್ಡದೇನಲ್ಲ, ಈಚೆಯಿಂದ ನಿಂತರೆ ಕಥೀಡ್ರಲ್ ಕಣ್ಣಿಗೆ ಕಾಣುತ್ತೆ. ಒಂದೊಂದು ಕಲ್ಲನ್ನೂ ಮುಟ್ಟಿ ಅಳೆದ ಊರಿಗೆ ಹೋಗುವ ದಾರಿ ಮುಚ್ಚಿತು.

ಅವರು ಯೆರೆವಾನ್‌ನಲ್ಲಿ ನೆಲೆಸಿದರು. 1923ರ ಕೊನೆಗೆ ಪುರಾತನ ಕಟ್ಟಡಗಳ ರಕ್ಷಣೆಗೆ ಒಂದು ಸಮಿತಿ ರಚನೆಯಾಯಿತು. ಇವತ್ತಿನ ಯೆರೆವಾನ್ ನಗರದ ಯೋಜನೆ ಮಾಡಿದ ಅಲೆಕ್ಸಾಂಡರ್ ತಮಾನ್ಯಾನ್ ಅಧ್ಯಕ್ಷರು, ತೋರಮಾನ್ಯಾನ್ ಸದಸ್ಯರು. ಗಡಿಯ ಈಚೆ ಉಳಿದ ಚರ್ಚು, ಮಠಗಳ ಪಟ್ಟಿ ಮಾಡುವುದು, ಅಳೆಯುವುದು, ಬೀಳುವುದಕ್ಕೆ ಆಸರೆ ಕೊಡಿಸುವುದು ಇವೇ ಕೆಲಸ. ದೇವರನ್ನು ಒಪ್ಪದ ಸರ್ಕಾರದ ಕೆಳಗೆ ಚರ್ಚು ಕಾಯುವ ಕೆಲಸ ಅಂದರೆ ಸುಲಭದ್ದಲ್ಲ, ಅದನ್ನು ಸ್ಮಾರಕ ಅಂತ ಬರೆದರೆ ಮಾತ್ರ ಉಳಿಯುತ್ತಿತ್ತು. 1934ರ ಮಾರ್ಚ್ 1ರಂದು ತೀರಿಕೊಂಡರು, ಎಪ್ಪತ್ತಕ್ಕೆ ಕೆಲವೇ ದಿನ ಬಾಕಿ.

ಅಳಿದುಳಿದ ಬರಹ, ನಕ್ಷೆಗಳನ್ನು ಸೇರಿಸಿ ಯೆರೆವಾನ್‌ನಲ್ಲಿ ಎರಡು ಸಂಪುಟ ಮಾಡಿದರು. ಮೊದಲನೆಯದು 1942ರಲ್ಲಿ, ಎರಡನೆಯದು 1948ರಲ್ಲಿ. ತಮ್ಮದೇ ಹೆಸರಿನ ಆ ದೊಡ್ಡ ಪುಸ್ತಕವನ್ನು ಅವರು ನೋಡಲಿಲ್ಲ.

ಮುಂದಿನ ರಜೆಗೆ ಯೆರೆವಾನ್‌ಗೆ ಹೋಗುವವರಿಗೆ ಒಂದು ಮಾತು. ಜ್ವಾರ್ಟ್‌ನೋಟ್ಸ್ ಇರುವುದು ಎಚ್ಮಿಯಾಜಿನ್‌ಗೆ ಹೋಗುವ ದಾರಿಯಲ್ಲೇ, ಟ್ಯಾಕ್ಸಿಯವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಏರ್‌ಪೋರ್ಟ್‌ಗೇ ಬಿಟ್ಟಾರು. ಹೊರಗಿನ ಕಂಬಗಳ ಹತ್ತಿರ ಫೋಟೋ ತೆಗೆಸಿಕೊಳ್ಳುವ ಮೊದಲು ಮ್ಯೂಸಿಯಂ ಒಳಗೆ ಹೋಗಿ ಆ ಮಾದರಿ ನೋಡಿ ಬನ್ನಿ. ಆಮೇಲೆ ಹೊರಗೆ ನೆಲದಲ್ಲಿ ಸಾಲಾಗಿ ಇಟ್ಟಿರುವ ಕಲ್ಲುಗಳಲ್ಲಿ ಬಾಗಿದ ಕಲ್ಲು ಯಾವುದು, ನೇರ ಯಾವುದು ಅಂತ ಮಕ್ಕಳ ಹತ್ತಿರ ಹುಡುಕಿಸಿ. ನನ್ನ ಮಗಳು ಹನ್ನೊಂದು ಹುಡುಕಿದಳು.